ಒಂದೇ ಹೆಸರು, ಹಲವು ನಿಯಮ: ಸೂಪರ್‌ಹೀರೊ ಆಟಗಳ ಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ, ಅದರಲ್ಲಿಯೂ ಸೂಪರ್‌ಹೀರೊಗಳ ಆಟಗಳ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳು ಬೇರೆ ಬೇರೆಯಾದರೂ ಅವುಗಳ ಬೇರು ಒಂದೇ: ನಿಯಮಪುಸ್ತಕದ ಪದವೊಂದನ್ನು ನಾವು ಒಂದು ಅರ್ಥದಲ್ಲಿ ಹಿಡಿದುಕೊಂಡಿರುತ್ತೇವೆ, ಆಟದ ನಡುವೆ ಅದು ಇನ್ನೊಂದು ಅರ್ಥಕ್ಕೆ ಜಾರುತ್ತದೆ.

ಪ್ರಶ್ನೆ: ನಾನು ಮೊದಲು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೆ. ಅಲ್ಲಿ ‘ಅಡ್ವಾಂಟೇಜ್’ ಸಿಕ್ಕಿತೆಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. ಈಗ ಗೆಳೆಯರೊಂದಿಗೆ ಹೀರೊ ಸಿಸ್ಟಂ ಆರಂಭಿಸಿದ್ದೇನೆ; ಇಲ್ಲಿ ಅಡ್ವಾಂಟೇಜ್ ಸೇರಿಸಿದರೆ ಶಕ್ತಿಯ ಬೆಲೆ ಏರುತ್ತದೆ ಎನ್ನುತ್ತಾರೆ. ಗುಂಪಿನಲ್ಲಿ ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಬಲ್ಲವರೊಬ್ಬರು ಇದನ್ನು ಒಪ್ಪುವುದಿಲ್ಲ. ಯಾವುದು ಸರಿ?

ಉತ್ತರ: ಮೂವರೂ ತಮ್ಮ ತಮ್ಮ ಪುಸ್ತಕಕ್ಕೆ ನಿಷ್ಠರಾಗಿಯೇ ಮಾತನಾಡುತ್ತಿದ್ದೀರಿ. 2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯಲ್ಲಿ ಅಡ್ವಾಂಟೇಜ್ ಎಂಬುದು ಆ ಕ್ಷಣದ ಸ್ಥಿತಿ. ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಆರಿಸಿಕೊಳ್ಳುತ್ತೇವೆ, ಸಂದರ್ಭ ಮುಗಿದೊಡನೆ ಅದೂ ಮುಗಿಯುತ್ತದೆ. 1981ರ ಚಾಂಪಿಯನ್ಸ್ ಆಟದಿಂದ ಬೆಳೆದ ಹೀರೊ ಸಿಸ್ಟಂನಲ್ಲಿ ಅದು ಒಂದು ಶಕ್ತಿಗೆ ಅಂಟಿಸುವ ತಿದ್ದುಪಡಿ. ಆ ಶಕ್ತಿ ಹೆಚ್ಚು ಉಪಯುಕ್ತವಾಗುತ್ತದೆ, ಆದ್ದರಿಂದ ಅದರ ಬೆಲೆ, ಎಂದರೆ ಅದನ್ನು ಕೊಳ್ಳಲು ಪಾತ್ರದ ಗಂಟಿನಿಂದ ಕೊಡಬೇಕಾದ ಪಾಯಿಂಟ್, ಕಾಲು, ಅರ್ಧ ಅಥವಾ ಒಂದು ಪಟ್ಟು ಎಂಬ ಲೆಕ್ಕದಲ್ಲಿ ಏರುತ್ತದೆ. ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನ ಮೂರನೆಯ ಆವೃತ್ತಿಯಲ್ಲಿ ಅಡ್ವಾಂಟೇಜ್ ಎಂದರೆ ಪಾತ್ರ ಪಡೆದುಕೊಂಡ ಒಂದು ಸಣ್ಣ ನೈಪುಣ್ಯ. ಅದಕ್ಕೂ ಶಕ್ತಿಗೂ ನೇರ ಸಂಬಂಧವಿರಬೇಕಾಗಿಲ್ಲ. ಇವುಗಳ ಜೊತೆಗೆ 1986ರಲ್ಲಿ ಮೊದಲು ಪ್ರಕಟವಾದ ಗರ್ಪ್ಸ್ ಎಂಬ ಆಟವಿದೆ. ಅಲ್ಲಿ ಪಾಯಿಂಟ್ ಕೊಟ್ಟು ಕೊಳ್ಳುವ ಒಳ್ಳೆಯ ಗುಣವೆಲ್ಲವೂ ಅಡ್ವಾಂಟೇಜ್, ಕತ್ತಲೆಯಲ್ಲಿ ಕಾಣುವುದೂ ಸರಿ, ಸಿರಿವಂತಿಕೆಯೂ ಸರಿ. ಹೀರೊ ಸಿಸ್ಟಂ ಯಾವುದನ್ನು ಅಡ್ವಾಂಟೇಜ್ ಎನ್ನುತ್ತದೆಯೋ ಅದಕ್ಕೆ ಗರ್ಪ್ಸ್‌ನಲ್ಲಿ ‘ಎನ್‌ಹಾನ್ಸ್‌ಮೆಂಟ್’ ಎಂದು ಹೆಸರು, ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನಲ್ಲಿ ‘ಎಕ್ಸ್‌ಟ್ರಾ’ ಎಂದು ಹೆಸರು.

ಶಾಲೆಯ ಕನ್ನಡ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯ ನಾಮಪದಗಳನ್ನು ಕಲಿತಿದ್ದೇವೆ. ಕುಂಟನಾದ್ದರಿಂದ ಕುಂಟ ಎನ್ನುವುದು ಅನ್ವರ್ಥನಾಮ, ಅರ್ಥಕ್ಕೆ ಅನುಗುಣವಾದದ್ದು. ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರು ಅಂಕಿತನಾಮ. ಧನಪಾಲನೆಂದು ಹೆಸರಿಟ್ಟ ಮಾತ್ರಕ್ಕೆ ಅವನ ಬಳಿ ಧನವಿರಬೇಕೆಂದು ಯಾರೂ ವಾದಿಸುವುದಿಲ್ಲ. ನಿಯಮಪುಸ್ತಕದ ಪದಗಳೆಲ್ಲ ಅಂಕಿತನಾಮಗಳು, ನಾವು ಅವನ್ನು ಅನ್ವರ್ಥನಾಮಗಳೆಂದು ಓದುತ್ತೇವೆ. ಗೊಂದಲದ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಯೇ. ‘ಅಡ್ವಾಂಟೇಜ್ ಎಂದ ಮೇಲೆ ನನಗೆ ಲಾಭವಾಗಬೇಕಲ್ಲ, ಬೆಲೆ ಏಕೆ ಏರಬೇಕು’ ಎಂಬ, ನಿಮ್ಮ ಪತ್ರದಲ್ಲಿ ಅಡಗಿರುವ ಪ್ರಶ್ನೆ ಹೆಸರಿನ ಅರ್ಥದಿಂದ ಹೊರಟಿದೆ. ಆ ಹೆಸರನ್ನು ಹೊತ್ತ ನಿಯಮ ಮಾಡುವ ಕೆಲಸದಿಂದ ಹೊರಟರೆ ಪ್ರಶ್ನೆ ತಾನಾಗಿಯೇ ಕರಗುತ್ತದೆ.

ಇದರ ಎದುರು ಬದಿಯ ಪದಗಳಲ್ಲಿಯೂ ಅಷ್ಟೇ ಜಾಗರೂಕತೆ ಬೇಕು. ಹೀರೊ ಸಿಸ್ಟಂ ಮತ್ತು ಗರ್ಪ್ಸ್ ಎರಡರಲ್ಲಿಯೂ ಶಕ್ತಿಯೊಂದರ ಬೆಲೆ ತಗ್ಗಿಸುವ ಕೊರತೆಗೆ ‘ಲಿಮಿಟೇಷನ್’ ಎನ್ನುತ್ತಾರೆ, ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಅದನ್ನೇ ‘ಫ್ಲಾ’ ಎನ್ನುತ್ತದೆ. ಪಾತ್ರದ ಬದುಕಿನಲ್ಲಿರುವ ತೊಡಕು, ಎಂದರೆ ಅವನನ್ನು ಬೇಟೆಯಾಡುವ ಶತ್ರು, ಬಚ್ಚಿಟ್ಟ ಗುರುತು, ಕಳಚಲಾಗದ ಪ್ರತಿಜ್ಞೆ, ಗರ್ಪ್ಸ್‌ನಲ್ಲಿ ‘ಡಿಸ್‌ಅಡ್ವಾಂಟೇಜ್’. ಹೀರೊ ಸಿಸ್ಟಂ ಕೂಡ ಹಾಗೆಯೇ ಕರೆಯುತ್ತಿತ್ತು. 2009ರ ಆರನೆಯ ಆವೃತ್ತಿಯಿಂದ ಅದನ್ನು ‘ಕಾಂಪ್ಲಿಕೇಷನ್’ ಎಂದು ಬದಲಿಸಿತು. ನನ್ನ ಅಭಿಪ್ರಾಯದಲ್ಲಿ ಇದು ಒಳ್ಳೆಯ ಬದಲಾವಣೆ. ಅಡ್ವಾಂಟೇಜ್ ಶಕ್ತಿಗೆ ಸೇರಿದ್ದು, ಡಿಸ್‌ಅಡ್ವಾಂಟೇಜ್ ಪಾತ್ರಕ್ಕೆ ಸೇರಿದ್ದು ಎಂದಿದ್ದಾಗ, ಜೋಡಿಯಂತೆ ಕಾಣುವ ಆ ಎರಡು ಪದಗಳು ನಿಜಕ್ಕೂ ಜೋಡಿಯಾಗಿರಲಿಲ್ಲ. ಹೊಸಬರು ಅವುಗಳನ್ನು ಒಂದೇ ತಕ್ಕಡಿಯ ಎರಡು ತಟ್ಟೆಗಳೆಂದು ಭಾವಿಸಿ ಮೋಸಹೋಗುತ್ತಿದ್ದರು.

ಪ್ರಶ್ನೆ: ನನ್ನ ಪಾತ್ರ ಬೆಂಕಿಯನ್ನು ಎಸೆಯುತ್ತದೆ. ನಿಯಮಪುಸ್ತಕದ ಶಕ್ತಿಗಳ ಪಟ್ಟಿಯಲ್ಲಿ ‘ಬೆಂಕಿ’ ಎಂಬುದೇ ಇಲ್ಲ. ಆಟ ನಡೆಸುವ ಗೇಮ್ ಮಾಸ್ಟರ್ ‘ಬ್ಲಾಸ್ಟ್’ ಬರೆದುಕೊಳ್ಳಿ ಎಂದರು, ಮಂಜುಗಡ್ಡೆ ಎಸೆಯುವ ನನ್ನ ಗೆಳತಿಯ ಪಾತ್ರದ ವಿವರಗಳ ಹಾಳೆಯಲ್ಲಿಯೂ ಅದೇ ಇದೆ. ಹಾಗಾದರೆ ‘ಪವರ್’, ‘ಎಫೆಕ್ಟ್’, ‘ಸ್ಪೆಷಲ್ ಎಫೆಕ್ಟ್’, ‘ಡಿಸ್ಕ್ರಿಪ್ಟರ್’ ಇವುಗಳ ನಡುವಿನ ವ್ಯತ್ಯಾಸವೇನು?

ಉತ್ತರ: ಈ ಪ್ರಶ್ನೆಗೆ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಸೂಪರ್‌ಹೀರೊ ಆಟಗಳ ನಿಯಮಗಳನ್ನು ಅರ್ಥಮಾಡಿಕೊಳ್ಳುವ ಕೀಲಿಕೈ ಇದರಲ್ಲಿದೆ.

ಮಾಂತ್ರಿಕರ ಆಟದಲ್ಲಿ ಮಂತ್ರಗಳ ಪಟ್ಟಿಯನ್ನು ಕೊಟ್ಟುಬಿಡಬಹುದು; ಅದರಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ. ಸೂಪರ್‌ಹೀರೊಗಳ ಲೋಕದಲ್ಲಿ ಹಾಗೆ ಪಟ್ಟಿ ಮಾಡಿ ಮುಗಿಸಲು ಆಗುವುದಿಲ್ಲ. ಬೆಂಕಿ ಎಸೆಯುವವನು, ಮಂಜು ಎಸೆಯುವವಳು, ಕಣ್ಣಿನಿಂದ ಕಿರಣ ಹೊಮ್ಮಿಸುವವನು, ಕೂಗಿನಿಂದ ಗೋಡೆ ಕೆಡಹುವವಳು, ಹೀಗೆ ಒಬ್ಬೊಬ್ಬರಿಗೂ ಪ್ರತ್ಯೇಕ ನಿಯಮ ಬರೆಯುತ್ತ ಹೋದರೆ ಪುಸ್ತಕಕ್ಕೆ ಕೊನೆಯೇ ಇರುವುದಿಲ್ಲ. 1979ರ ವಿಲನ್ಸ್ ಅಂಡ್ ವಿಜಿಲಾಂಟೀಸ್‌ನಂಥ ಮೊದಲ ತಲೆಮಾರಿನ ಆಟದಲ್ಲಿ ಯಾವ ಶಕ್ತಿ ಬರಬೇಕೆಂಬುದನ್ನು ದಾಳ ಉರುಳಿಸಿ ನಿರ್ಧರಿಸುತ್ತಿದ್ದರು. ಎರಡು ವರ್ಷಗಳ ಬಳಿಕ ಬಂದ ಚಾಂಪಿಯನ್ಸ್ ಬೇರೆ ದಾರಿ ಹಿಡಿಯಿತು: ಆಟಗಾರರೇ ಪಾಯಿಂಟ್ ಕೊಟ್ಟು ಶಕ್ತಿಯನ್ನು ಕಟ್ಟಿಕೊಳ್ಳಬೇಕು, ನಿಯಮವು ಶಕ್ತಿ ಮಾಡುವ ಕೆಲಸವನ್ನು ಮಾತ್ರ ಅಳೆಯುತ್ತದೆ, ಅದರ ರೂಪವನ್ನು ಆಟಗಾರರ ಕಲ್ಪನೆಗೆ ಬಿಡುತ್ತದೆ. ಬೆಂಕಿಯಾಗಲಿ ಮಂಜಾಗಲಿ ದೂರದ ಎದುರಾಳಿಗೆ ಪೆಟ್ಟು ಕೊಡುತ್ತದೆ ಎಂದಾದರೆ ನಿಯಮದ ಕಣ್ಣಿಗೆ ಅವೆರಡೂ ಒಂದೇ.

ಇಲ್ಲಿಯವರೆಗೆ ವಿಷಯ ಸರಳ. ಎರಡು ಪದರಗಳಿವೆ, ಒಂದು ಕೆಲಸ, ಇನ್ನೊಂದು ವೇಷ. ತೊಡಕೆಲ್ಲ ಈ ಎರಡು ಪದರಗಳಿಗೆ ಒಂದೊಂದು ಆಟ ಒಂದೊಂದು ಹೆಸರಿಟ್ಟದ್ದರಿಂದ ಬಂದದ್ದು. ಹೀರೊ ಸಿಸ್ಟಂನಲ್ಲಿ ಕೆಲಸದ ಹೆಸರು ‘ಪವರ್’, ವೇಷದ ಹೆಸರು ‘ಸ್ಪೆಷಲ್ ಎಫೆಕ್ಟ್’. ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನ ಮೂರನೆಯ ಆವೃತ್ತಿಯ ನಿಯಮಗಳಲ್ಲಿ ಕೆಲಸದ ಹೆಸರು ‘ಎಫೆಕ್ಟ್’, ವೇಷದ ಹೆಸರು ‘ಡಿಸ್ಕ್ರಿಪ್ಟರ್’, ಒಂದೋ ಹಲವೋ ಎಫೆಕ್ಟ್‌ಗಳನ್ನು ಕೂಡಿಸಿ ಹೆಸರಿಟ್ಟಾಗ ಆಗುವ ಒಟ್ಟು ಕಟ್ಟಡ ‘ಪವರ್’. ಎಂದರೆ ‘ಎಫೆಕ್ಟ್’ ಎಂಬ ಒಂದೇ ಪದ ಒಂದು ಪುಸ್ತಕದಲ್ಲಿ ದಾಳಕ್ಕೆ ಸಂಬಂಧಿಸಿದ ಗಟ್ಟಿ ನಿಯಮ, ಇನ್ನೊಂದರಲ್ಲಿ ‘ಸ್ಪೆಷಲ್’ ಜೊತೆ ಸೇರಿ ಕಣ್ಣಿಗೆ ಕಾಣುವ ಬರಿಯ ರೂಪ. ಒಂದು ಆಟದಿಂದ ಇನ್ನೊಂದಕ್ಕೆ ಹೋದವರು ಎಡವುವ ಜಾಗಗಳಲ್ಲಿ ಇದಕ್ಕಿಂತ ಕೆಟ್ಟದ್ದನ್ನು ನಾನು ಕಂಡಿಲ್ಲ. ಸ್ಯಾವೇಜ್ ವರ್ಲ್ಡ್ಸ್ ಆಟ ವೇಷಕ್ಕೆ ‘ಟ್ರ್ಯಾಪಿಂಗ್’ ಎಂಬ ಪದವನ್ನು ಆರಿಸಿಕೊಂಡಿತು. ತೊಡುಗೆ ಎಂಬ ಭಾವ ಬರುವ ಆ ಪದ ಮೂರರಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಎಂದು ನನಗೆ ಅನಿಸುತ್ತದೆ.

ಗರ್ಪ್ಸ್‌ನ ನಾಲ್ಕನೆಯ ಆವೃತ್ತಿಯಲ್ಲಿ ಚಿತ್ರ ಇನ್ನೂ ಬೇರೆ. ಅಲ್ಲಿ ಒಂದು ಬಿಡಿ ಸಾಮರ್ಥ್ಯ ‘ಪವರ್’ ಎನಿಸಿಕೊಳ್ಳುವುದಿಲ್ಲ. ಒಂದೇ ಮೂಲದಿಂದ ಹುಟ್ಟಿ ಒಂದೇ ವಿಷಯಕ್ಕೆ ಸಂಬಂಧಿಸಿದ ಸಾಮರ್ಥ್ಯಗಳ ಇಡೀ ಕುಟುಂಬಕ್ಕೆ ಆ ಹೆಸರು. ಮನಸ್ಸಿನ ಬಲದಿಂದ ಬೆಂಕಿ ಹಚ್ಚುವುದು, ಬೆಂಕಿಯಿಂದ ರಕ್ಷಣೆ ಪಡೆಯುವುದು, ಶಾಖವನ್ನು ಗ್ರಹಿಸುವುದು ಇವು ಮೂರೂ ಸೇರಿ ಒಂದು ಪವರ್. ಜೊತೆಗೆ ಆ ಆಟದ ‘ಇನ್ನೇಟ್ ಅಟ್ಯಾಕ್’ ಎಂಬ ದಾಳಿಯಲ್ಲಿ ಸುಡುವ ಪೆಟ್ಟು, ಕತ್ತರಿಸುವ ಪೆಟ್ಟು, ಇರಿಯುವ ಪೆಟ್ಟು ಎಂಬ ಭೇದಗಳಿಗೆ ಪ್ರತ್ಯೇಕ ಬೆಲೆಯಿದೆ, ಆದ್ದರಿಂದ ಅಲ್ಲಿ ಬೆಂಕಿಯೂ ಕತ್ತಿಯೂ ಒಂದೇ ಬೆಲೆಗೆ ಬರುತ್ತವೆ ಎಂದು ಹೇಳಲಾಗದು.

ಈಗ ನಿಮ್ಮ ‘ಬ್ಲಾಸ್ಟ್’ಗೆ ಬರೋಣ. ಹೀರೊ ಸಿಸ್ಟಂನ ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ‘ಎನರ್ಜಿ ಬ್ಲಾಸ್ಟ್’ ಎಂದಿತ್ತು. ಆದರೆ ಅದೇ ಶಕ್ತಿಯನ್ನು ದೈಹಿಕ ಪೆಟ್ಟಿನ ರೂಪದಲ್ಲಿ ಕೊಳ್ಳಲು ಅವಕಾಶವಿದ್ದುದರಿಂದ, ಕಲ್ಲುಗಳನ್ನು ಬೀಸಿ ಎಸೆಯುವ ಪಾತ್ರದ ಹಾಳೆಯಲ್ಲಿಯೂ ‘ಎನರ್ಜಿ ಬ್ಲಾಸ್ಟ್’ ಎಂದೇ ಬರೆಯಬೇಕಾಗುತ್ತಿತ್ತು! ಆರನೆಯ ಆವೃತ್ತಿಯಲ್ಲಿ ‘ಎನರ್ಜಿ’ಯನ್ನು ಕಿತ್ತು ‘ಬ್ಲಾಸ್ಟ್’ ಎಂದಷ್ಟೇ ಉಳಿಸಿಕೊಂಡರು, ‘ಈಗೊ ಅಟ್ಯಾಕ್’ ಎಂಬುದನ್ನು ‘ಮೆಂಟಲ್ ಬ್ಲಾಸ್ಟ್’ ಮಾಡಿದರು. ಆದರೂ ಕೆಲವು ಹೆಸರುಗಳು ವೇಷವನ್ನು ಹೊತ್ತುಕೊಂಡೇ ಉಳಿದಿವೆ. ಅದೇ ಆಟದ ‘ಡಾರ್ಕ್‌ನೆಸ್’ ಶಕ್ತಿಯನ್ನು ಕಿವಿಯ ಇಂದ್ರಿಯಕ್ಕೆ ಅನ್ವಯಿಸಿದರೆ ಆಗುವುದು ನಿಶ್ಶಬ್ದದ ಒಂದು ವಲಯ, ಅಲ್ಲಿ ಕತ್ತಲೆಯ ಸುಳಿವೂ ಇರುವುದಿಲ್ಲ. ‘ಫ್ಲ್ಯಾಶ್’ ಎಂಬುದನ್ನು ಕಿವಿಗೆ ಅನ್ವಯಿಸಿದರೆ ಅದು ಕಿವುಡಾಗಿಸುವ ಸದ್ದು. ಇಲ್ಲಿ ಹೆಸರನ್ನು ನಂಬಿದವರಿಗೆ ನಿಯಮ ಕಾಣುವುದಿಲ್ಲ.

ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನಲ್ಲಿ ‘ಬ್ಲಾಸ್ಟ್’ ಎಂಬುದು ಸಿದ್ಧ ಉದಾಹರಣೆಯಾಗಿ ಕೊಟ್ಟ ಒಂದು ಪವರ್. ಬಿಡಿಸಿ ನೋಡಿದರೆ ಒಳಗಿರುವುದು ‘ಡ್ಯಾಮೇಜ್’ ಎಂಬ ಎಫೆಕ್ಟ್, ಅದಕ್ಕೆ ದೂರದಿಂದ ತಾಕುವ ‘ರೇಂಜ್ಡ್’ ಗುಣವನ್ನು ಸೇರಿಸಲಾಗಿದೆ. ಡ್ಯಾಮೇಜ್‌ಗೆ ರ‍್ಯಾಂಕ್ (ಬಲದ ಅಳತೆಯ ಮೆಟ್ಟಿಲು) ಒಂದಕ್ಕೆ 1 ಪಾಯಿಂಟ್, ದೂರದ ಗುಣಕ್ಕೆ ಇನ್ನೊಂದು, ಆದ್ದರಿಂದ 10 ರ‍್ಯಾಂಕಿನ ಬ್ಲಾಸ್ಟ್‌ಗೆ 20 ಪಾಯಿಂಟ್.

ವೇಷಕ್ಕೆ ಬೆಲೆಯಿಲ್ಲವೆಂದ ಮಾತ್ರಕ್ಕೆ ಅದಕ್ಕೆ ತೂಕವೂ ಇಲ್ಲವೆಂದು ದಯವಿಟ್ಟು ತಿಳಿಯಬೇಡಿ. ಬೆಂಕಿಯಿಂದ ಪೂರ್ಣ ರಕ್ಷಣೆ ಪಡೆದ ಎದುರಾಳಿ ಬಂದಾಗ ನಿಮ್ಮ ದಾಳಿ ವ್ಯರ್ಥವಾಗುತ್ತದೆ, ಗೆಳತಿಯ ಮಂಜು ನಾಟುತ್ತದೆ. ಒಣಹುಲ್ಲಿಗೆ ಕಿಡಿ ತಗುಲಿಸಲು ನೀವು ಬೇಕು, ನೀರಿನ ಮೇಲೆ ನಡೆಯುವ ದಾರಿ ಕಟ್ಟಲು ಆಕೆ ಬೇಕು. ಇಂಥ ಸಣ್ಣ ಅನುಕೂಲ ಅನಾನುಕೂಲಗಳನ್ನು ಗೇಮ್ ಮಾಸ್ಟರ್ ಸಂದರ್ಭ ನೋಡಿ ತೀರ್ಮಾನಿಸುತ್ತಾರೆ. ನಿಮ್ಮ ಹಾಳೆಯಲ್ಲಿ ‘ಬ್ಲಾಸ್ಟ್’ ಎಂಬುದರ ಪಕ್ಕದಲ್ಲಿಯೇ ಬೆಂಕಿಯ ಬಣ್ಣ, ಸದ್ದು, ಅದು ಅಂಗೈಯಿಂದ ಹೊರಡುತ್ತದೆಯೇ ಉಸಿರಿನಿಂದ ಹೊರಡುತ್ತದೆಯೇ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಿ. ವಾದವೆದ್ದಾಗ ಆ ಸಾಲು ನಿಮ್ಮ ಪರವಾಗಿ ನಿಲ್ಲುತ್ತದೆ.

ಪ್ರಶ್ನೆ: ಮಾರ್ವೆಲ್‌ನ ಹಳೆಯ ಸೂಪರ್‌ಹೀರೊ ಆಟದಲ್ಲಿ ‘ಇನ್‌ಕ್ರೆಡಿಬಲ್’ ದೊಡ್ಡದೋ ‘ಅಮೇಜಿಂಗ್’ ದೊಡ್ಡದೋ?

ಉತ್ತರ: ಅಮೇಜಿಂಗ್ ದೊಡ್ಡದು. 1984ರಲ್ಲಿ ಟಿಎಸ್‌ಆರ್ ಪ್ರಕಟಿಸಿದ ಆ ಆಟದಲ್ಲಿ ಗುಣವಾಚಕಗಳೇ ಮೆಟ್ಟಿಲುಗಳು: ಟಿಪಿಕಲ್‌ಗೆ 6, ಗುಡ್‌ಗೆ 10, ಎಕ್ಸಲೆಂಟ್‌ಗೆ 20, ರಿಮಾರ್ಕಬಲ್‌ಗೆ 30, ಇನ್‌ಕ್ರೆಡಿಬಲ್‌ಗೆ 40, ಅಮೇಜಿಂಗ್‌ಗೆ 50, ಮಾನ್‌ಸ್ಟ್ರಸ್‌ಗೆ 75, ಅನ್‌ಅರ್ಥ್‌ಲಿಗೆ 100. ಈ ಕ್ರಮವನ್ನು ಅರ್ಥದಿಂದ ಊಹಿಸಲು ಸಾಧ್ಯವೇ ಇಲ್ಲ. ನಂಬಲಾಗದ್ದು ಹೆಚ್ಚೋ ಅಚ್ಚರಿಯದ್ದು ಹೆಚ್ಚೋ ಎಂದು ಯಾವ ನಿಘಂಟೂ ತೀರ್ಪು ಕೊಡುವುದಿಲ್ಲ. ಕೆಲವು ದಿನ ಸಂಖ್ಯೆಗಳನ್ನು ಪಕ್ಕದಲ್ಲಿಟ್ಟುಕೊಂಡು ಆಡಿ, ಆಮೇಲೆ ಕ್ರಮ ಬಾಯಿಗೆ ಬರುತ್ತದೆ. ಇನ್ನೊಂದು ಎಚ್ಚರಿಕೆ: ಆ ಆಟದಲ್ಲಿ ‘ಫೀಟ್’ ಎಂದರೆ ದಾಳ ಉರುಳಿಸಿ ಮಾಡುವ ಪರೀಕ್ಷೆ. 2000ದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರನೆಯ ಆವೃತ್ತಿಯಲ್ಲಿ ‘ಫೀಟ್’ ಎಂದರೆ ಪಾತ್ರ ಗಳಿಸಿಕೊಂಡ ಒಂದು ವಿಶೇಷ ನೈಪುಣ್ಯ. ಆ ನಿಯಮಗಳ ಆಧಾರದ ಮೇಲೆ 2002ರಲ್ಲಿ ಹುಟ್ಟಿದ ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಮೊದಲು ಅದೇ ಪದವನ್ನು ಬಳಸಿತು, ಮೂರನೆಯ ಆವೃತ್ತಿಯಲ್ಲಿ ಅದನ್ನು ‘ಅಡ್ವಾಂಟೇಜ್’ ಎಂದು ಬದಲಿಸಿತು.

ಪ್ರಶ್ನೆ: ‘ಡ್ಯಾಮೇಜ್ ರೆಸಿಸ್ಟೆನ್ಸ್’, ‘ಡ್ಯಾಮೇಜ್ ರಿಡಕ್ಷನ್’, ‘ಡ್ಯಾಮೇಜ್ ನೆಗೇಷನ್’, ‘ಪ್ರೊಟೆಕ್ಷನ್’, ‘ಇಂಪರ್ವಿಯಸ್’ ಎಲ್ಲವೂ ಪೆಟ್ಟನ್ನು ತಡೆಯುವವೇ ಅಲ್ಲವೇ? ಇಷ್ಟೊಂದು ಹೆಸರುಗಳು ಏಕೆ?

ಉತ್ತರ: ಎಲ್ಲವೂ ತಡೆಯುತ್ತವೆ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಹೀರೊ ಸಿಸ್ಟಂನ ಹಳೆಯ ಆವೃತ್ತಿಯಲ್ಲಿ ನಾನು ನಡೆಸಿದ ಮೊದಲ ಆಟದಲ್ಲಿ, ‘ಡ್ಯಾಮೇಜ್ ರೆಸಿಸ್ಟೆನ್ಸ್’ ಕೊಂಡಿದ್ದ ಆಟಗಾರರೊಬ್ಬರಿಗೆ ಪ್ರತಿ ಪೆಟ್ಟಿನಿಂದಲೂ ಅಷ್ಟು ಪಾಯಿಂಟ್ ಕಳೆಯುತ್ತ ಹೋದೆ. ನಿಜದಲ್ಲಿ ಆ ಶಕ್ತಿ ತಾನಾಗಿ ಏನನ್ನೂ ಕಳೆಯುತ್ತಿರಲಿಲ್ಲ. ಪಾತ್ರಕ್ಕೆ ಮೊದಲೇ ಇರುವ ರಕ್ಷಣೆಯನ್ನು ‘ಕಿಲ್ಲಿಂಗ್ ಅಟ್ಯಾಕ್’ ಎಂಬ ಬಗೆಯ ದಾಳಿಯ ಎದುರಿಗೂ ನಿಲ್ಲುವಂತೆ ಗಟ್ಟಿಗೊಳಿಸುವುದಷ್ಟೇ ಅದರ ಕೆಲಸವಾಗಿತ್ತು. ಉಳಿದ ಆಟಗಾರರಿಗೆ ಅಂದು ಅನ್ಯಾಯವಾಯಿತು, ಮುಂದಿನ ಸಲ ಅವರೆಲ್ಲರಿಗೂ ವಿವರಿಸಿ ಲೆಕ್ಕ ಸರಿಪಡಿಸಬೇಕಾಯಿತು. ಆರನೆಯ ಆವೃತ್ತಿಯಲ್ಲಿ ಆ ಹೆಸರಿನ ಶಕ್ತಿಯನ್ನು ತೆಗೆದುಹಾಕಿ, ರಕ್ಷಣೆಗೆ ಅಂಟಿಸುವ ‘ರೆಸಿಸ್ಟೆಂಟ್’ ಎಂಬ ಗುಣವನ್ನಾಗಿ ಮಾಡಿದ್ದಾರೆ.

ಈ ಪದಗಳನ್ನು ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಪೆಟ್ಟಿನ ಲೆಕ್ಕದ ಯಾವ ಹಂತದಲ್ಲಿ ಇದು ಕೈಹಾಕುತ್ತದೆ? ಆರನೆಯ ಆವೃತ್ತಿಯ ಹೀರೊ ಸಿಸ್ಟಂನಲ್ಲಿ ಆರು ಮುಖದ 12 ದಾಳಗಳ ಬೆಂಕಿಯ ದಾಳಿ ಬಂದಿದೆ ಎಂದುಕೊಳ್ಳಿ. ನಿಮ್ಮಲ್ಲಿ ಮೂರು ದಾಳಗಳಷ್ಟು ‘ಡ್ಯಾಮೇಜ್ ನೆಗೇಷನ್’ ಇದ್ದರೆ ದಾಳ ಉರುಳುವ ಮೊದಲೇ ಮೂರನ್ನು ಎತ್ತಿಡುತ್ತಾರೆ, 9 ದಾಳಗಳಷ್ಟೇ ಉರುಳುತ್ತವೆ. ಅವುಗಳ ಮೊತ್ತ 32 ಬಂದಿತೆನ್ನಿ. ಶಾಖ, ವಿದ್ಯುತ್ತುಗಳ ವಿರುದ್ಧ ನಿಮ್ಮ ಸಾಮಾನ್ಯ ರಕ್ಷಣೆ 12 ಇದ್ದರೆ ಅದನ್ನು ಕಳೆದು 20 ಉಳಿಯುತ್ತದೆ. ಕೊನೆಗೆ ಅರ್ಧದಷ್ಟು ‘ಡ್ಯಾಮೇಜ್ ರಿಡಕ್ಷನ್’ ಇದ್ದರೆ ಉಳಿದದ್ದರಲ್ಲಿ ಅರ್ಧ ಹೋಗಿ, ನಿಮ್ಮನ್ನು ಪ್ರಜ್ಞೆ ತಪ್ಪಿಸುವತ್ತ ಒಯ್ಯುವ ‘ಸ್ಟನ್’ 10 ಮಾತ್ರ ತಾಕುತ್ತದೆ. ಒಂದು ದಾಳ ಉರುಳುವ ಮುನ್ನ, ಇನ್ನೊಂದು ಉರುಳಿದ ಮೇಲೆ ಕಳೆಯುವುದು, ಮತ್ತೊಂದು ಕಳೆದ ಮೇಲೆ ಭಾಗಿಸುವುದು. ಸಣ್ಣ ಸಣ್ಣ ಪೆಟ್ಟುಗಳು ಸಾಲಾಗಿ ಬಂದಾಗ ಕಳೆಯುವ ರಕ್ಷಣೆ ಒಳ್ಳೆಯದು, ಒಂದೇ ಮಹಾಪೆಟ್ಟು ಬಂದಾಗ ಭಾಗಿಸುವ ರಕ್ಷಣೆ ಒಳ್ಳೆಯದು. ಹೀಗಾಗಿ ಹೆಸರುಗಳನ್ನು ಅದಲುಬದಲು ಮಾಡಿದರೆ ಆಟದ ಫಲಿತಾಂಶವೇ ಬದಲಾಗುತ್ತದೆ.

ಬೇರೆ ಆಟಗಳಿಗೆ ಹೋದಾಗ ಇದೇ ಹೆಸರುಗಳು ಜಾಗ ಬದಲಿಸುತ್ತವೆ. ಗರ್ಪ್ಸ್‌ನ ‘ಡ್ಯಾಮೇಜ್ ರೆಸಿಸ್ಟೆನ್ಸ್’ ನಾನು ತಪ್ಪಾಗಿ ಮಾಡಿದಂತೆಯೇ ನೇರವಾಗಿ ಕಳೆಯುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿಯಲ್ಲಿ ‘ಡ್ಯಾಮೇಜ್ ರಿಡಕ್ಷನ್’ ನಿಗದಿತ ಸಂಖ್ಯೆಯನ್ನು ಕಳೆಯುತ್ತದೆ, ಹೀರೊ ಸಿಸ್ಟಂನಂತೆ ಭಾಗಿಸುವುದಿಲ್ಲ. ಐದನೆಯ ಆವೃತ್ತಿಯಲ್ಲಿ ‘ರೆಸಿಸ್ಟೆನ್ಸ್’ ಇದ್ದರೆ ಪೆಟ್ಟು ಅರ್ಧವಾಗುತ್ತದೆ. ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನಲ್ಲಿ ಕಳೆಯಲು ಪ್ರಾಣದ ಪಾಯಿಂಟ್‌ಗಳೇ ಇಲ್ಲ. ಪೆಟ್ಟು ತಿಂದವರು ಇಪ್ಪತ್ತು ಮುಖದ ದಾಳ ಉರುಳಿಸಿ, ಪೆಟ್ಟು ತಾಳುವ ಗುಣವಾದ ತಮ್ಮ ‘ಟಫ್‌ನೆಸ್’ ಸೇರಿಸಿ, ಪೆಟ್ಟಿನ ರ‍್ಯಾಂಕಿಗೆ 15 ಕೂಡಿಸಿದ ಗುರಿಯನ್ನು ಮುಟ್ಟಬೇಕು. ಅಲ್ಲಿ ‘ರೆಸಿಸ್ಟೆನ್ಸ್’ ಎಂದರೆ ಈ ಪರೀಕ್ಷೆಯೇ. ‘ಪ್ರೊಟೆಕ್ಷನ್’ ಟಫ್‌ನೆಸ್‌ಗೆ ಕೂಡುತ್ತದೆ, ಬೇರೆ ಲೆಕ್ಕವಿಲ್ಲ. ‘ಇಂಪರ್ವಿಯಸ್’ 10 ಇದ್ದರೆ, ಮೂರನೆಯ ಆವೃತ್ತಿಯ ಪ್ರಕಾರ, ಅದರ ಅರ್ಧವಾದ 5 ಅಥವಾ ಅದಕ್ಕಿಂತ ಕಡಿಮೆ ರ‍್ಯಾಂಕಿನ ಪೆಟ್ಟುಗಳಿಗೆ ಪರೀಕ್ಷೆಯೇ ಬೇಕಿಲ್ಲ, ಅವು ತಾಕುವುದೇ ಇಲ್ಲ.

ಪ್ರಶ್ನೆ: ಹೀರೊ ಸಿಸ್ಟಂನಲ್ಲಿ ಒಂದೇ ಶಕ್ತಿಯ ಪಕ್ಕದಲ್ಲಿ ಬೇಸ್ ಪಾಯಿಂಟ್, ಆ್ಯಕ್ಟಿವ್ ಪಾಯಿಂಟ್, ರಿಯಲ್ ಪಾಯಿಂಟ್ ಎಂದು ಮೂರು ಬೆಲೆಗಳು ಏಕೆ? ‘ಪವರ್ ಪಾಯಿಂಟ್’, ‘ಪವರ್ ಲೆವೆಲ್’, ‘ರ‍್ಯಾಂಕ್’ ಇವೆಲ್ಲ ಮತ್ತೇನು?

ಉತ್ತರ: ಮೂರು ಬೆಲೆಗಳಲ್ಲಿ ನಿಮ್ಮ ಗಂಟಿನಿಂದ ಖರ್ಚಾಗುವುದು ರಿಯಲ್ ಮಾತ್ರ. 8 ದಾಳಗಳ ಬ್ಲಾಸ್ಟ್‌ಗೆ ದಾಳವೊಂದಕ್ಕೆ 5ರಂತೆ ಬೇಸ್ 40. ಅರ್ಧ ಪಟ್ಟಿನ ಅಡ್ವಾಂಟೇಜ್ ಸೇರಿಸಿದರೆ ಒಂದೂವರೆಯಿಂದ ಗುಣಿಸಿ ಆ್ಯಕ್ಟಿವ್ 60. ಅರ್ಧ ಪಟ್ಟಿನ ಲಿಮಿಟೇಷನ್ ಸೇರಿಸಿದರೆ ಒಂದೂವರೆಯಿಂದ ಭಾಗಿಸಿ ರಿಯಲ್ ಮತ್ತೆ 40. ಮೊದಲಿದ್ದಲ್ಲಿಗೇ ಬಂದೆವಲ್ಲ, ಎರಡನ್ನೂ ಬಿಟ್ಟುಬಿಡಬಹುದಿತ್ತಲ್ಲ ಎಂದು ಅನಿಸಬಹುದು. ಬಿಡಲಾಗದು, ಏಕೆಂದರೆ ಶಕ್ತಿ ಬಳಸಿದಾಗ ಆಗುವ ದಣಿವು ಆ್ಯಕ್ಟಿವ್‌ನ ಮೇಲೆ ನಿಂತಿದೆ, ಪ್ರತಿ 10ಕ್ಕೆ 1ರಂತೆ ಇಲ್ಲಿ 6. ಗೇಮ್ ಮಾಸ್ಟರ್ ಇಂತಿಷ್ಟನ್ನು ಮೀರಬಾರದು ಎಂದು ಗಡಿ ಹಾಕುವಾಗಲೂ ಸಾಮಾನ್ಯವಾಗಿ ನೋಡುವುದು ಆ್ಯಕ್ಟಿವ್ ಅನ್ನೇ. ಶಕ್ತಿ ಎಷ್ಟು ಪ್ರಬಲ ಎಂಬುದಕ್ಕೆ ಆ್ಯಕ್ಟಿವ್ ಉತ್ತರ, ನನಗೆ ಎಷ್ಟಕ್ಕೆ ಸಿಕ್ಕಿತು ಎಂಬುದಕ್ಕೆ ರಿಯಲ್ ಉತ್ತರ.

ಗರ್ಪ್ಸ್‌ನಿಂದ ಬಂದವರು ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ. ಅಲ್ಲಿ ಎಲ್ಲ ಶೇಕಡಾವಾರುಗಳನ್ನು ಮೊದಲು ಕೂಡಿಸಿ ಕಳೆದು, ಆಮೇಲೆ ಒಮ್ಮೆ ಅನ್ವಯಿಸುವುದು ಮೂಲ ಪದ್ಧತಿ. ಬೇಸ್ 40ಕ್ಕೆ ಶೇಕಡಾ 100 ಏರಿಕೆ, ಶೇಕಡಾ 50 ಇಳಿಕೆ ಇದ್ದರೆ ಒಟ್ಟು ಏರಿಕೆ 50, ಬೆಲೆ 60. ಹೀರೊ ಸಿಸ್ಟಂನಲ್ಲಿ ಅದಕ್ಕೆ ಹೋಲುವ ತಿದ್ದುಪಡಿಗಳಿಂದ 40 ಮೊದಲು 80 ಆಗಿ, ಒಂದೂವರೆಯಿಂದ ಭಾಗವಾಗಿ 53 ಆಗುತ್ತದೆ. ಗರ್ಪ್ಸ್‌ನಲ್ಲಿ ಇಳಿಕೆಗೆ ಶೇಕಡಾ 80ರ ಮಿತಿಯೂ ಇದೆ.

‘ಪವರ್ ಪಾಯಿಂಟ್’ ಎಂಬುದು ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನಲ್ಲಿ ಪಾತ್ರ ಕಟ್ಟುವ ಬಂಡವಾಳ, ಸ್ಯಾವೇಜ್ ವರ್ಲ್ಡ್ಸ್‌ನಲ್ಲಿ ಶಕ್ತಿ ಬಳಸಿದಾಗಲೆಲ್ಲ ಉರಿದುಹೋಗುವ ಇಂಧನ. ಒಂದನ್ನು ಆಟದ ಮೊದಲು ಖರ್ಚು ಮಾಡುತ್ತೇವೆ, ಇನ್ನೊಂದನ್ನು ಆಟದ ನಡುವೆ. ‘ಪವರ್ ಲೆವೆಲ್’ ಮೊದಲನೆಯ ಆಟದ ಗಡಿ: ಸಾಮಾನ್ಯವಾಗಿ 10ರಿಂದ ಆರಂಭಿಸುತ್ತಾರೆ, ಆಗ 150 ಪಾಯಿಂಟ್ ಸಿಗುತ್ತದೆ, ಗುರಿ ಹಿಡಿಯುವ ದಾಳಿಯಲ್ಲಿ ಗುರಿಯ ನಿಖರತೆ ಮತ್ತು ಪೆಟ್ಟಿನ ರ‍್ಯಾಂಕ್ ಕೂಡಿ 20 ಮೀರಬಾರದು. ‘ರ‍್ಯಾಂಕ್’ ಒಂದೊಂದು ಗುಣದ ಅಳತೆ. ಹೆಸರಿನಲ್ಲಿ ‘ಲೆವೆಲ್’ ಇದ್ದರೂ ‘ಪವರ್ ಲೆವೆಲ್’ ಎಂಬುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಲೆವೆಲ್‌ನಂತೆ ಮೆಟ್ಟಿಲು ಹತ್ತಿದಾಗ ಹೊಸ ಸಾಮರ್ಥ್ಯಗಳನ್ನು ಸಿದ್ಧವಾಗಿ ಕೈಗಿಡುವುದಿಲ್ಲ. ಈ ಬಗೆಯ ಗೊಂದಲ ಹಳೆಯದು. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ರೂಪಿಸಿದವರಲ್ಲೊಬ್ಬರಾದ ಗ್ಯಾರಿ ಗೈಗಾಕ್ಸ್ ಅವರೇ ಪಾತ್ರದ, ಮಂತ್ರದ, ರಾಕ್ಷಸನ, ನೆಲಮಾಳಿಗೆಯ ಅಳತೆಗಳಿಗೆಲ್ಲ ‘ಲೆವೆಲ್’ ಎಂಬ ಒಂದೇ ಪದ ಬಳಕೆಯಾಗುತ್ತಿರುವುದನ್ನು ವಿವರಿಸಿ, ರ‍್ಯಾಂಕ್, ಪವರ್, ಆರ್ಡರ್ ಎಂದು ಬೇರೆ ಬೇರೆ ಹೆಸರುಗಳನ್ನು ಯೋಚಿಸಿದ್ದಾಗಿಯೂ ರೂಢಿಯಲ್ಲಿದ್ದದ್ದನ್ನೇ ಉಳಿಸಿಕೊಂಡದ್ದಾಗಿಯೂ ಬರೆದಿದ್ದಾರೆ. ಅಂದು ಅವರು ಹೊಸ ಹೆಸರುಗಳನ್ನು ತಂದಿದ್ದರೆ ನಂತರದವರಿಗೆ ಎಷ್ಟೋ ಉಪಕಾರವಾಗುತ್ತಿತ್ತು ಎಂಬುದು ನನ್ನ ಭಾವನೆ.

ಪ್ರಶ್ನೆ: ಎರಡು ಆಟಗಳ ಹಾಳೆಗಳಲ್ಲಿಯೂ ‘ಸ್ಟ್ರೆಂತ್ 10’ ಇದ್ದರೆ ಪಾತ್ರವನ್ನು ಹಾಗೆಯೇ ವರ್ಗಾಯಿಸಬಹುದೇ?

ಉತ್ತರ: ಖಂಡಿತ ಬೇಡ. ಹೀರೊ ಸಿಸ್ಟಂನಲ್ಲಿ 10 ಎಂದರೆ 100 ಕಿಲೋ ಎತ್ತಬಲ್ಲ ಸಾಧಾರಣ ಮನುಷ್ಯ; ಅಲ್ಲಿಂದ ಪ್ರತಿ 5 ಹೆಚ್ಚಿದಾಗ ಎತ್ತುವ ಭಾರ ಎರಡು ಪಟ್ಟಾಗುತ್ತದೆ. ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನ ಮೂರನೆಯ ಆವೃತ್ತಿಯಲ್ಲಿ ಸಾಧಾರಣ ಮನುಷ್ಯನದು 0, ಪ್ರತಿ 1ಕ್ಕೂ ಭಾರ ಎರಡು ಪಟ್ಟು, 10ಕ್ಕೆ 25 ಟನ್. ಗರ್ಪ್ಸ್‌ನ 10 ಮತ್ತೆ ಸಾಧಾರಣ ಮನುಷ್ಯನದು.

ಪ್ರಶ್ನೆ: ನಮ್ಮ ಗುಂಪು ಕನ್ನಡದಲ್ಲಿಯೇ ಆಡುತ್ತದೆ. ಪವರ್, ಸ್ಟ್ರೆಂತ್, ಎನರ್ಜಿ, ಫೋರ್ಸ್, ಎಬಿಲಿಟಿ ಎಲ್ಲಕ್ಕೂ ಬಾಯಿಗೆ ಬರುವುದು ‘ಶಕ್ತಿ’. ಏನು ಮಾಡಬೇಕು?

ಉತ್ತರ: ಕನ್ನಡದಲ್ಲಿ ಆಡುತ್ತಿರುವುದಕ್ಕೆ ನನ್ನ ಸಂತೋಷವನ್ನು ಮೊದಲು ತಿಳಿಸುತ್ತೇನೆ. ‘ಅವನ ಶಕ್ತಿಯ ಶಕ್ತಿ ಹೆಚ್ಚಾದರೆ ಶಕ್ತಿಯೂ ಹೆಚ್ಚು ಖರ್ಚಾಗುತ್ತದೆ’ ಎಂಬ ವಾಕ್ಯವನ್ನು ಮೇಜಿನ ಸುತ್ತ ಯಾರೂ ಅರ್ಥಮಾಡಿಕೊಳ್ಳಲಾರರು ಎಂಬುದು ನಿಜ. ಆದರೆ ದೋಷ ಭಾಷೆಯದಲ್ಲ, ನಮ್ಮಲ್ಲಿ ಪದಗಳಿಗೆ ಬರವಿಲ್ಲ. ದೇಹದ ಸ್ಟ್ರೆಂತ್‌ಗೆ ‘ಬಲ’ ಅಥವಾ ‘ಕಸುವು’ ಇದೆ. ದಣಿವನ್ನು ಅಳೆಯುವ ಎಂಡ್ಯೂರೆನ್ಸ್‌ಗೆ ‘ತ್ರಾಣ’ದಷ್ಟು ಹೊಂದುವ ಮಾತು ಇನ್ನೊಂದಿಲ್ಲ, ‘ತ್ರಾಣ ಆರು ಹೋಯಿತು’ ಎಂದರೆ ಹೊಸಬರಿಗೂ ತಿಳಿಯುತ್ತದೆ. ಎಬಿಲಿಟಿಗೆ ‘ಸಾಮರ್ಥ್ಯ’, ವೇಷದ ಪದರಕ್ಕೆ ‘ವೇಷ’, ಕಳೆಯುವ ರಕ್ಷಣೆಗೆ ‘ತಡೆ’, ಭಾಗಿಸುವ ರಕ್ಷಣೆಗೆ ‘ಕಡಿತ’ ಎಂದು ನಾನು ಬಳಸುತ್ತೇನೆ. ‘ಶಕ್ತಿ’ಯನ್ನು ಪವರ್‌ಗೆ ಮಾತ್ರ ಮೀಸಲಿಡಿ, ಉಳಿದ ಯಾವುದಕ್ಕೂ ಬಳಸುವುದಿಲ್ಲ ಎಂದು ಗುಂಪಿನಲ್ಲಿ ಒಪ್ಪಂದ ಮಾಡಿಕೊಳ್ಳಿ.

ಆದರೆ ಎಲ್ಲವನ್ನೂ ಅನುವಾದಿಸುವ ಹಟ ಬೇಡ. ‘ಬ್ಲಾಸ್ಟ್’, ‘ಇಂಪರ್ವಿಯಸ್’, ‘ಅಡ್ವಾಂಟೇಜ್’ ಮುಂತಾದವು ನಿಯಮದ ಅಂಕಿತನಾಮಗಳು. ಅವನ್ನು ಹಾಗೆಯೇ ಇಟ್ಟುಕೊಂಡರೆ ಪುಸ್ತಕದಲ್ಲಿ ಹುಡುಕುವುದು ಸುಲಭ, ಮತ್ತು ಅವುಗಳಿಗೆ ಕನ್ನಡದ ಅರ್ಥಛಾಯೆ ಅಂಟಿಕೊಂಡು ಹೊಸ ಗೊಂದಲ ಹುಟ್ಟುವುದೂ ತಪ್ಪುತ್ತದೆ. ನಮ್ಮ ಗುಂಪಿನಲ್ಲಿ ನಡೆದುಬಂದಿರುವ ಪದ್ಧತಿ ಇದು: ದಾಳ ಮುಟ್ಟುವಾಗ ಪುಸ್ತಕದ ಪದ, ಕಥೆ ಹೇಳುವಾಗ ಕನ್ನಡದ ಪದ. ‘ಬ್ಲಾಸ್ಟ್, ಎಂಟು ದಾಳ’ ಎಂದು ಉರುಳಿಸಿದ ಆಟಗಾರ್ತಿ ಮರುಕ್ಷಣವೇ ‘ಅಂಗೈಯಿಂದ ಧಗಧಗನೆ ಜ್ವಾಲೆ ಎದ್ದು ಅವನ ಎದೆಗೆ ಬಡಿಯುತ್ತದೆ’ ಎನ್ನುತ್ತಾಳೆ. ಯಾವ ಮಾತು ನಿಯಮ, ಯಾವ ಮಾತು ಕಥೆ ಎಂದು ಆಗ ಯಾರೂ ಕೇಳಬೇಕಾಗುವುದಿಲ್ಲ.